ಹಿಮದ ದ್ವೀಪದ ಕರೆ, ಹಳ್ಳಿಯ ಕಿವಿ

1930ರ ಜನವರಿ 12. ರಷ್ಯಾದ ಉತ್ತರಕ್ಕೆ, ಉತ್ತರ ಧ್ರುವದಿಂದ ಸಾವಿರ ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಹುಕರ್ ಎಂಬ ದ್ವೀಪ. ಅಲ್ಲಿ ಅಕ್ಟೋಬರ್‌ನಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿಯಲ್ಲೇ. ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ಇದ್ದವರು ಏಳೇ ಜನ. ಅವರಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದವನು ಎರ್ನ್ಸ್ಟ್ ಕ್ರೆಂಕೆಲ್. ವಯಸ್ಸು 26.

ಹವಾಮಾನದ ವರದಿ ಕಳಿಸುವುದು ಅವನ ನೌಕರಿ. ಅದು ಮುಗಿದ ಮೇಲೆ ಅವನು ಹವ್ಯಾಸಿಗಳು ಮಾಡುವ ಕೆಲಸ ಮಾಡಿದ. ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟು ‘ಸಿಕ್ಯೂ, ಸಿಕ್ಯೂ’ ಎಂದು ಬಡಿದ. ಅಂದರೆ, ‘ಯಾರಿಗಾದರೂ ಕೇಳಿಸುತ್ತಿದೆಯೇ? ಕೇಳಿಸಿದವರು ಉತ್ತರಿಸಿ.’

ಉತ್ತರ ಬಂತು. ಉತ್ತರಿಸಿದ ಕೇಂದ್ರದ ಗುರುತು ಡಬ್ಲ್ಯುಎಫ್‌ಎ. ಎಲ್ಲಿಂದ ಎಂದು ವಿಚಾರಿಸಿದರೆ, ಭೂಮಿಯ ಇನ್ನೊಂದು ತುದಿಯಿಂದ! ಅಂಟಾರ್ಕ್‌ಟಿಕಾದ ಮಂಜಿನ ಮೇಲೆ ಬೀಡುಬಿಟ್ಟಿದ್ದ ಅಮೆರಿಕದ ರಿಚರ್ಡ್ ಬರ್ಡ್ ತಂಡ ಅದು. ಬರ್ಡ್ ಆರು ವಾರಗಳ ಹಿಂದಷ್ಟೇ ವಿಮಾನದಲ್ಲಿ ದಕ್ಷಿಣ ಧ್ರುವದ ಮೇಲೆ ಹಾರಿ ಬಂದಿದ್ದ. ಅಲ್ಲಿದ್ದವರು 42 ಜನ. ಇಲ್ಲಿ ಕ್ರೆಂಕೆಲ್‌ಗೆ ದಿನವಿಡೀ ರಾತ್ರಿ, ಅಲ್ಲಿ ಅವರಿಗೆ ದಿನವಿಡೀ ಬಿಸಿಲು. ನಡುವಿನ ದೂರ ಹೆಚ್ಚುಕಡಿಮೆ 20,000 ಕಿಲೋಮೀಟರ್. ಭೂಮಿಯ ಮೇಲೆ ಇಬ್ಬರು ಮನುಷ್ಯರು ಇದಕ್ಕಿಂತ ಹೆಚ್ಚು ದೂರ ಇರಲು ಜಾಗವೇ ಇಲ್ಲ ಎನ್ನಬಹುದು. ಅಂದಿನ ಮಟ್ಟಿಗೆ ಇದು ಶಾರ್ಟ್ ವೇವ್ ಸಂಪರ್ಕದ ವಿಶ್ವದಾಖಲೆ.

ಈ ಕಥೆಯನ್ನು ಯಂತ್ರದ ಸಾಹಸವೆಂದು ಹೇಳುವುದು ರೂಢಿ. ಆದರೆ ಇದರಲ್ಲಿ ಯಂತ್ರಕ್ಕಿಂತ ದೊಡ್ಡದು ಕಿವಿ. ತನಗೆಂದು ಬಾರದ ಕರೆಗೂ ಕಿವಿಗೊಡುವವರು ಎಲ್ಲೋ ಇರುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ‘ಸಿಕ್ಯೂ’ ಎಂಬ ಕರೆಗೆ ಅರ್ಥವೇ ಇಲ್ಲ. ಆ ಕಿವಿಗಳನ್ನು ತಯಾರು ಮಾಡಿದವರು ಸರ್ಕಾರಗಳಲ್ಲ, ಕಂಪನಿಗಳಲ್ಲ. ಮನೆಯ ಮೂಲೆಯಲ್ಲಿ ತಂತಿ ಸುತ್ತಿಕೊಂಡು ಕೂತಿದ್ದ ಹವ್ಯಾಸಿಗಳು, ಅಂದರೆ ಇಂದು ನಾವು ‘ಹ್ಯಾಮ್’ ಎಂದು ಕರೆಯುವವರು.

ಕೆಲಸಕ್ಕೆ ಬಾರದ ಅಲೆಗಳು

ರೇಡಿಯೊ ಹೊಸದಾಗಿದ್ದಾಗ, ದೂರ ಹೋಗಬೇಕಾದರೆ ಉದ್ದದ ಅಲೆಗಳೇ ಬೇಕು ಎಂದು ಎಲ್ಲರೂ ನಂಬಿದ್ದರು. ಅದಕ್ಕೆ ದೈತ್ಯ ಕಂಬಗಳು, ಭಾರೀ ಯಂತ್ರಗಳು, ರಾಶಿ ವಿದ್ಯುತ್ತು ಬೇಕಿತ್ತು. ಹಾಗಾಗಿ ಉದ್ದದ ಅಲೆಗಳನ್ನು ನೌಕಾಪಡೆಗಳೂ ಕಂಪನಿಗಳೂ ಇಟ್ಟುಕೊಂಡವು. ಅಮೆರಿಕದ 1912ರ ಕಾನೂನು ಹವ್ಯಾಸಿಗಳನ್ನು 200 ಮೀಟರ್‌ಗಿಂತ ಚಿಕ್ಕ ಅಲೆಗಳ ಕಡೆಗೆ ದಬ್ಬಿತು. ಅವು ದೂರ ಹೋಗುವುದಿಲ್ಲ, ಹುಡುಗರು ಆಡಿಕೊಳ್ಳಲಿ ಎಂಬ ಲೆಕ್ಕ.

ಹುಡುಗರು ಆಡಿದರು. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಹವ್ಯಾಸಿಗಳ ಸದ್ದು ಅಟ್ಲಾಂಟಿಕ್ ಸಾಗರ ದಾಟಿ ಸ್ಕಾಟ್ಲೆಂಡಿನಲ್ಲಿ ಕೇಳಿಸಿತು. 1923ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಸಾಗರದ ಎರಡು ದಡಗಳಿಂದ ಪರಸ್ಪರ ಮಾತಾಡಿದರು. 1924ರ ಅಕ್ಟೋಬರ್ 18ರಂದು ಲಂಡನ್ನಿನ ಮಿಲ್ ಹಿಲ್ ಶಾಲೆಯ ಸೆಸಿಲ್ ಗೋಯ್ಡರ್ ಎಂಬ ವಿದ್ಯಾರ್ಥಿ ನ್ಯೂಜಿಲೆಂಡಿನ ಫ್ರಾಂಕ್ ಬೆಲ್ ಜತೆ ಸಂಪರ್ಕ ಸಾಧಿಸಿದ. ಬೆಲ್ ಕೂತಿದ್ದುದು ಪಟ್ಟಣದಲ್ಲಲ್ಲ, ಕುರಿ ಸಾಕುವ ಒಂದು ದೊಡ್ಡ ಫಾರಂನಲ್ಲಿ. ಈ ಗೋಯ್ಡರ್ ಮುಂದೆ 1936ರಲ್ಲಿ ಭಾರತಕ್ಕೆ ಬಂದು ಆಲ್ ಇಂಡಿಯಾ ರೇಡಿಯೊದ ಮುಖ್ಯ ಎಂಜಿನಿಯರ್ ಆದ. ನಮ್ಮ ಹಿರಿಯರು ಕೇಳಿದ ಆಕಾಶವಾಣಿಯ ಹಿಂದೆ ಒಬ್ಬ ಹವ್ಯಾಸಿಯ ಕೈಯೂ ಇದೆ.

ಚಿಕ್ಕ ಅಲೆ ಅಷ್ಟು ದೂರ ಹೋದದ್ದು ಹೇಗೆ? ನೆಲದಿಂದ ನೂರು ಕಿಲೋಮೀಟರಿಗೂ ಎತ್ತರದಲ್ಲಿ, ಸೂರ್ಯನ ಕಿರಣ ತಾಗಿ ವಿದ್ಯುದಾವೇಶ ಪಡೆದ ಗಾಳಿಯ ಪದರಗಳಿವೆ. ಅದನ್ನು ಅಯಾನುಗೋಳ ಎನ್ನುತ್ತಾರೆ. ಶಾರ್ಟ್ ವೇವ್ ಅಲ್ಲಿಗೆ ಹೋಗಿ ಬಾಗಿ ನೆಲಕ್ಕೆ ಬರುತ್ತದೆ, ನೆಲದಿಂದ ಪುಟಿದು ಮತ್ತೆ ಮೇಲೆ ಹೋಗುತ್ತದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದರೆ ಅದು ತಾಗಿ ಹಾರಿ, ತಾಗಿ ಹಾರಿ ಹೋಗುವುದಿಲ್ಲವೇ, ಹಾಗೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ. ರಾತ್ರಿ ಹೊತ್ತು ಸಿಲೋನ್ ರೇಡಿಯೊದ ಹಾಡು ಅಲೆ ಅಲೆಯಾಗಿ ಹತ್ತಿರ ಬಂದು ದೂರ ಹೋಗುತ್ತಿದ್ದುದು ಅವರಿಗೆ ನೆನಪಿರುತ್ತದೆ. ಅದು ಇದೇ ಆಟ.

ಇದರಲ್ಲಿ ಒಂದು ವಿಚಿತ್ರವಿದೆ. ಕಲ್ಲು ಒಂದು ಕಡೆ ನೀರು ಮುಟ್ಟಿ ಮುಂದೆಲ್ಲೋ ಬೀಳುತ್ತದೆ, ನಡುವಿನ ನೀರಿಗೆ ಅದು ತಾಗುವುದೇ ಇಲ್ಲ. ಶಾರ್ಟ್ ವೇವ್ ಕೂಡ ಹಾಗೆಯೇ. ಇನ್ನೂರು ಮುನ್ನೂರು ಕಿಲೋಮೀಟರ್ ದೂರದವನಿಗೆ ಕೇಳಿಸದ ಸದ್ದು ಎರಡು ಸಾವಿರ ಕಿಲೋಮೀಟರ್ ಆಚೆಯವನಿಗೆ ಚೆನ್ನಾಗಿ ಕೇಳಿಸಬಹುದು. ಆರ್ಕ್‌ಟಿಕ್‌ನಲ್ಲಿ ಇದು ಎಂಟು ಜನರ ಜೀವದ ಪ್ರಶ್ನೆಯಾಯಿತು.

ಹಳ್ಳಿಯಲ್ಲಿ ಕೇಳಿಸಿದ ಎಸ್‌ಒಎಸ್

1928ರ ಮೇ 25ರಂದು ‘ಇಟಾಲಿಯಾ’ ಎಂಬ ವಾಯುನೌಕೆ ಉತ್ತರ ಧ್ರುವದಿಂದ ಮರಳುವಾಗ ಹಿಮದ ಮೇಲೆ ಅಪ್ಪಳಿಸಿತು. ಒಳಗಿದ್ದವರು 16 ಜನ. ಆರು ಜನರನ್ನು ನೌಕೆಯ ಬಲೂನು ಹೊತ್ತುಕೊಂಡೇ ಹೋಯಿತು, ಅವರು ಮತ್ತೆ ಸಿಗಲಿಲ್ಲ. ಹಿಮದ ಮೇಲೆ ಬಿದ್ದ ಹತ್ತು ಜನರಲ್ಲಿ ಒಬ್ಬ ಸತ್ತ. ಉಳಿದ ಒಂಬತ್ತು ಜನರ ಬಳಿ ಒಂದು ಡೇರೆ, ಸ್ವಲ್ಪ ಆಹಾರ ಮತ್ತು ಒಂದು ಪುಟ್ಟ ಶಾರ್ಟ್ ವೇವ್ ಟ್ರಾನ್ಸ್‌ಮಿಟರ್. ರೇಡಿಯೊ ನಡೆಸುತ್ತಿದ್ದ ಜುಸೆಪ್ಪೆ ಬಿಯಾಜಿ ದಿನವೂ ಎಸ್‌ಒಎಸ್ ಕಳಿಸುತ್ತಿದ್ದ.

ಅವರದೇ ಹಡಗು ‘ಚಿತ್ತಾ ದಿ ಮಿಲಾನೊ’ ಸ್ವಾಲ್‌ಬಾರ್ಡ್ ದ್ವೀಪಗಳ ಕಿಂಗ್ಸ್ ಬೇಯಲ್ಲಿ ನಿಂತಿತ್ತು. (ಅದೇ ಜಾಗದಲ್ಲಿ, ಇಂದಿನ ನ್ಯೂ ಓಲೆಸುಂಡ್‌ನಲ್ಲಿ, 2008ರಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿದೆ.) ಹಡಗಿನಲ್ಲಿ ಒಳ್ಳೆಯ ಯಂತ್ರಗಳಿದ್ದವು, ಕಲಿತ ಸಿಬ್ಬಂದಿ ಇದ್ದರು. ಆದರೆ ಅವರಿಗೆ ಕರೆ ಕೇಳಿಸಲಿಲ್ಲ. ಹಡಗಿನ ರೇಡಿಯೊ ತನ್ನದೇ ತಂತಿಗಳ ಗದ್ದಲದಲ್ಲಿ ಮುಳುಗಿತ್ತು. ಜತೆಗೆ ಆಗಲೇ ಹೇಳಿದ ಕಲ್ಲಿನ ಆಟ.

ಜೂನ್ 3ರಂದು ಕರೆ ಕೇಳಿಸಿದ್ದು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ರಷ್ಯಾದ ಕಾಡುಸೀಮೆಯ ವೊಜ್ನೆಸೆನ್ಯೆ ವೊಖ್ಮಾ ಎಂಬ ಹಳ್ಳಿಯಲ್ಲಿ. ಕೇಳಿದವನು ನಿಕೊಲಾಯ್ ಶ್ಮಿತ್, ಇಪ್ಪತ್ತರ ಹರೆಯದ ರೇಡಿಯೊ ಹುಚ್ಚಿನ ಯುವಕ. ರಿಸೀವರ್ ಅವನೇ ಕಟ್ಟಿಕೊಂಡದ್ದು, ಅದರಲ್ಲಿ ಇದ್ದುದು ಒಂದೇ ವಾಲ್ವ್. ಕೇಳಿಸಿದ್ದು ಮುರುಕು ಮುರುಕು ಅಕ್ಷರಗಳು. ಇಟಾಲಿಯಾ, ನೊಬಿಲೆ, ಎಸ್‌ಒಎಸ್ ಎಂಬವು ಸ್ಪಷ್ಟವಾಗಿದ್ದವು. ಜಾಗದ ಹೆಸರು ಮಾತ್ರ ಫ್ರಾಂಜ್ ಜೋಸೆಫ್ ಎಂಬಂತೆ ತಪ್ಪಾಗಿ ಕೇಳಿಸಿತು. ಆದರೂ ಅವನು ಮಾಸ್ಕೋಗೆ ತಂತಿ ಕಳಿಸಿದ. ಸುದ್ದಿ ಇಟಲಿಗೆ ತಲುಪಿತು. ಕೆಲವೇ ದಿನಗಳಲ್ಲಿ ಹಿಮದ ಮೇಲಿನ ಡೇರೆಯಲ್ಲಿದ್ದವರು ರೋಮ್ ರೇಡಿಯೊದ ಸುದ್ದಿಯಲ್ಲೇ ಕೇಳಿದರು: ಒಬ್ಬ ಸೋವಿಯತ್ ಹವ್ಯಾಸಿಗೆ ನಿಮ್ಮ ಕರೆ ಕೇಳಿಸಿದೆ.

ಅಲ್ಲಿಂದ ಹುಡುಕಾಟ ದಿಕ್ಕು ಹಿಡಿಯಿತು. ನಾಯಕ ನೊಬಿಲೆಯನ್ನು ಸ್ವೀಡನ್ನಿನ ವಿಮಾನವೊಂದು ಮೊದಲೇ ಎತ್ತಿಕೊಂಡು ಬಂದಿತ್ತು. ಜುಲೈ 12ರಂದು ಸೋವಿಯತ್ ಹಿಮಭಂಜಕ ಹಡಗು ‘ಕ್ರಾಸಿನ್’ ಉಳಿದವರನ್ನು ತಲುಪಿತು. ಒಟ್ಟು ಎಂಟು ಜನ ಬದುಕಿದರು. ಇವರನ್ನು ಹುಡುಕಲು ಹೊರಟ ಹೆಸರಾಂತ ಅನ್ವೇಷಕ ಅಮುಂಡ್‌ಸನ್ ಮಾತ್ರ ವಿಮಾನದ ಸಮೇತ ಕಾಣೆಯಾದ.

ಏಳು ಜನರ ದ್ವೀಪ

ಮರುವರ್ಷ, 1929ರಲ್ಲಿ, ‘ಸೆಡೋವ್’ ಎಂಬ ಹಡಗು ಹುಕರ್ ದ್ವೀಪದ ಟಿಖಾಯಾ ಕೊಲ್ಲಿಗೆ ಬಂದು ಮನೆ ಕಟ್ಟಲು ಮರದ ದಿಮ್ಮಿ, ಆಹಾರ, ರೇಡಿಯೊ ಯಂತ್ರ ಮತ್ತು ಏಳು ಜನರನ್ನು ಇಳಿಸಿತು. ಟಿಖಾಯಾ ಅಂದರೆ ‘ಶಾಂತ’. ಆ ಹೆಸರಿಟ್ಟವನು ಗಿಯೋರ್ಗಿ ಸೆಡೋವ್. 1913ರ ಚಳಿಗಾಲದಲ್ಲಿ ಅವನ ಹಡಗು ಇದೇ ಕೊಲ್ಲಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿತ್ತು. 1914ರ ಫೆಬ್ರವರಿಯಲ್ಲಿ, ಕಾಯಿಲೆ ಬಿದ್ದಿದ್ದರೂ, ಅವನು ಇಬ್ಬರನ್ನು ಕರೆದುಕೊಂಡು ಧ್ರುವದತ್ತ ಹೊರಟ. ದಾರಿಯಲ್ಲೇ ಸತ್ತ. ಆ ಹಡಗಿನಲ್ಲಿ ರೇಡಿಯೊ ಇರಲಿಲ್ಲ. ಅವರು ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ಹೊರಜಗತ್ತಿಗೆ ತಿಂಗಳುಗಟ್ಟಲೆ ತಿಳಿಯಲಿಲ್ಲ. ಅದೇ ಜಾಗದಲ್ಲಿ ಹದಿನಾರು ವರ್ಷದ ನಂತರ ಕ್ರೆಂಕೆಲ್ ಕೂತು ಅಂಟಾರ್ಕ್‌ಟಿಕಾ ಜತೆ ಮಾತಾಡುತ್ತಿದ್ದ. ರೇಡಿಯೊ ತಂದ ವ್ಯತ್ಯಾಸ ಎಷ್ಟೆಂದು ತಿಳಿಯಲು ಈ ಒಂದೇ ಕೊಲ್ಲಿ ಸಾಕು.

ಅಂಥ ಕಡೆ ಹವಾಮಾನ ಕೇಂದ್ರ ಏಕೆ? ಎರಡು ಕಾರಣ. ಒಂದು, ಯುರೋಪಿನ ಉತ್ತರಕ್ಕೆ ಬರುವ ಚಳಿಗಾಳಿ ಹುಟ್ಟುವುದು ಅಲ್ಲೇ. ಅಲ್ಲಿನ ಗಾಳಿಯ ಒತ್ತಡ, ದಿಕ್ಕು, ಉಷ್ಣಾಂಶ ಗೊತ್ತಿಲ್ಲದೆ ಹಡಗುಗಳಿಗೂ ಮೀನುಗಾರರಿಗೂ ಮುನ್ಸೂಚನೆ ಕೊಡಲು ಆಗದು. ಎರಡು, ರಾಜಕೀಯ. 1926ರಲ್ಲಿ ಸೋವಿಯತ್ ಸರ್ಕಾರ ಫ್ರಾಂಜ್ ಜೋಸೆಫ್ ಲ್ಯಾಂಡ್ ತನ್ನದೆಂದು ಘೋಷಿಸಿತು, ನಾರ್ವೆ ಒಪ್ಪಲಿಲ್ಲ. ಬರೀ ಬಾವುಟ ನೆಟ್ಟರೆ ಸಾಲದು, ಜನ ಇರಬೇಕು. ನಾರ್ವೆ ಕೂಡ ಯಾನ್ ಮಾಯೆನ್ ಎಂಬ ದ್ವೀಪದಲ್ಲಿ 1921ರಲ್ಲಿ ಹವಾಮಾನ ಕೇಂದ್ರ ತೆರೆದು, ಮುಂದೆ ಆ ದ್ವೀಪವನ್ನು ತನ್ನದಾಗಿಸಿಕೊಂಡಿತು. ಹಾಗೆ ಥರ್ಮಾಮೀಟರ್ ನೋಡುವವನು ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ದೇಶದ ಗಡಿಯನ್ನೂ ಕಾಯುತ್ತಿದ್ದ.

ಮಳೆಯ ಲೆಕ್ಕ ಒಂದು ವರ್ಷ ಬಿಟ್ಟು ಸಿಕ್ಕರೂ ಅಂಕಿ ಅಂಶಕ್ಕೆ ಉಪಯೋಗ ಆಗುತ್ತದೆ. ಆದರೆ ನಾಳೆಯ ಮುನ್ಸೂಚನೆಗೆ ಇವತ್ತಿನ ಲೆಕ್ಕ ಇವತ್ತೇ ತಲುಪಬೇಕು. ದ್ವೀಪಕ್ಕೆ ಹಡಗು ಬರುವುದು ಬೇಸಿಗೆಯಲ್ಲಿ, ಹಿಮ ಬಿಟ್ಟುಕೊಟ್ಟರೆ ಮಾತ್ರ. ಹಾಗಾಗಿ ಇಡೀ ಕೇಂದ್ರದ ಬೆಲೆ ನಿಂತಿದ್ದುದು ರೇಡಿಯೊ ಕೋಣೆಯ ಮೇಲೆ. ಕ್ರೆಂಕೆಲ್‌ಗೆ ಇದು ಹೊಸದಲ್ಲ. 1924ರಲ್ಲೇ ಅವನು ನೊವಾಯಾ ಜೆಮ್ಲ್ಯಾ ದ್ವೀಪದ ಮಾತೊಚ್ಕಿನ್ ಶಾರ್ ಕೇಂದ್ರದಲ್ಲಿ ಒಂದು ಚಳಿಗಾಲ ಕಳೆದಿದ್ದ. 1927ರಲ್ಲಿ ಮತ್ತೆ ಅಲ್ಲಿಗೆ ಹೋಗುವಾಗ ಶಾರ್ಟ್ ವೇವ್ ಯಂತ್ರ ಒಯ್ದಿದ್ದ. ಉದ್ದದ ಅಲೆಯ ಯಂತ್ರಕ್ಕೆ ಬೇಕಾದ ಇಂಧನವನ್ನು ದ್ವೀಪಕ್ಕೆ ಹೊರುವುದೇ ದೊಡ್ಡ ಕಷ್ಟ. ಶಾರ್ಟ್ ವೇವ್‌ಗೆ ಅಷ್ಟು ಬೇಡ.

ಆದರೆ ಧ್ರುವದ ಬಳಿ ಶಾರ್ಟ್ ವೇವ್ ಕೈಕೊಡುವುದೂ ಉಂಟು. ಸೂರ್ಯನಿಂದ ಬರುವ ಕಣಗಳನ್ನು ಭೂಮಿಯ ಕಾಂತಶಕ್ತಿ ಧ್ರುವಗಳ ಕಡೆ ಎಳೆದುಕೊಳ್ಳುತ್ತದೆ. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವ ಧ್ರುವಪ್ರಭೆ ಹುಟ್ಟುವುದು ಅದರಿಂದ. ನೋಡಲು ಚೆಂದ, ರೇಡಿಯೊಗೆ ಕಂಟಕ. ಅಂಥ ಹೊತ್ತಿನಲ್ಲಿ ಅಲೆಗಳು ಪುಟಿಯುವ ಬದಲು ಹೀರಿಹೋಗಿ, ದಿನಗಟ್ಟಲೆ ಮೌನವಾಗುತ್ತದೆ. ಯಾವಾಗ ಕೇಳಿಸುತ್ತದೆ, ಯಾವಾಗ ಕೇಳಿಸದು ಎಂಬುದನ್ನು ರಾತ್ರಿಗಟ್ಟಲೆ ಕಿವಿಗೊಟ್ಟು ಕೂತೇ ಕಲಿಯಬೇಕಿತ್ತು. ಕೆಲಸದ ಹೊತ್ತು ಮುಗಿದರೂ ಏಳದೆ ಕೂರುವ ಚಾಳಿ ಇದ್ದವರೇ ಅದನ್ನು ಕಲಿತರು.

ಒಬ್ಬನೇ ಉಳಿದ ಹುಡುಗ

1930ರಲ್ಲಿ ಇನ್ನೊಂದು ದ್ವೀಪಸಮೂಹಕ್ಕೆ, ಸೆವೆರ್ನಾಯಾ ಜೆಮ್ಲ್ಯಾಗೆ, ನಾಲ್ವರ ತಂಡ ಹೋಯಿತು. 1913ರವರೆಗೆ ಆ ನೆಲ ಇದೆಯೆಂಬುದೇ ಜಗತ್ತಿಗೆ ಗೊತ್ತಿರಲಿಲ್ಲ. ತಂಡದ ನಾಯಕ ಉಷಕೋವ್, ಭೂವಿಜ್ಞಾನಿ ಉರ್ವಾಂತ್ಸೆವ್, ಬೇಟೆಗಾರ ಜುರವ್ಲ್ಯೋವ್. ನಾಲ್ಕನೆಯವನು ವಾಸಿಲಿ ಖೋದೊವ್, ಲೆನಿನ್‌ಗ್ರಾಡಿನ ಒಬ್ಬ ಎಳೆಯ ಹವ್ಯಾಸಿ.

ಉಳಿದವರು ನಾಯಿಗಾಡಿ ಕಟ್ಟಿಕೊಂಡು ನಕ್ಷೆ ತಯಾರಿಸಲು ಹೋದರೆ, ಖೋದೊವ್ ದೊಮಾಶ್ನಿ ಎಂಬ ಪುಟ್ಟ ದ್ವೀಪದ ಮನೆಯಲ್ಲಿ ಒಬ್ಬನೇ ಉಳಿಯುತ್ತಿದ್ದ. ಹವಾಮಾನ ನೋಡಬೇಕು, ವರದಿ ಕಳಿಸಬೇಕು, ಹೊರಗೆ ಹಿಮಕರಡಿ ಬಂದರೆ ನೋಡಿಕೊಳ್ಳಬೇಕು. ಹೋದವರು ವಾರಗಟ್ಟಲೆ ಬರುತ್ತಿರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಇಡೀ ದ್ವೀಪಸಮೂಹದ ನಕ್ಷೆ ತಯಾರಾಯಿತು. ನಕ್ಷೆಯ ಹೆಸರು ನಡೆದವರಿಗೆ ಹೋಯಿತು, ಅದು ನ್ಯಾಯವೇ. ಆದರೆ ಹೋದವರಿಗೆ ಮರಳಿ ಬರಲು ಒಂದು ದೀಪ ಹಚ್ಚಿಟ್ಟ ಮನೆ ಇದ್ದದ್ದು ಆ ಹುಡುಗನಿಂದ.

ಆರ್‌ಎಇಎಂ

ಕ್ರೆಂಕೆಲ್ ಹೆಸರು ಮನೆಮಾತಾದದ್ದು 1934ರಲ್ಲಿ. ಫೆಬ್ರವರಿ 13ರಂದು ‘ಚೆಲ್ಯೂಸ್ಕಿನ್’ ಹಡಗನ್ನು ಹಿಮ ಒತ್ತಿ ಮುಳುಗಿಸಿತು. ಒಬ್ಬ ಸತ್ತ, 104 ಜನ ಹಿಮದ ಮೇಲೆ ಇಳಿದರು. ಅವರಲ್ಲಿ ಹೆಂಗಸರಿದ್ದರು, ಎಳೆ ಮಕ್ಕಳಿದ್ದರು. ಕ್ರೆಂಕೆಲ್ ಹೆಪ್ಪುಗಟ್ಟಿದ ಕೈಗಳಲ್ಲಿ ತಂತಿ ಜೋಡಿಸಿ ಡೇರೆಯೊಳಗೆ ರೇಡಿಯೊ ನಿಲ್ಲಿಸಿದ. ಎರಡು ತಿಂಗಳು ಹಿಮ ಒಡೆದ ಸುದ್ದಿ, ವಿಮಾನ ಇಳಿಯಲು ಜಾಗ ಸಿದ್ಧವಾದ ಸುದ್ದಿ, ಗಾಳಿ ಮಂಜಿನ ಸುದ್ದಿ ಎಲ್ಲವೂ ಅವನ ಬೆರಳಿನಿಂದಲೇ ಹೋಯಿತು. ಏಪ್ರಿಲ್ 13ರ ಹೊತ್ತಿಗೆ ವಿಮಾನಗಳು ಎಲ್ಲರನ್ನೂ ದಡ ಸೇರಿಸಿದವು.

ಮುಳುಗಿದ ಹಡಗಿನ ರೇಡಿಯೊ ಗುರುತು ಆರ್‌ಎಇಎಂ. ಗೌರವಾರ್ಥವಾಗಿ ಅದನ್ನು ಕ್ರೆಂಕೆಲ್‌ನ ಸ್ವಂತ ಹವ್ಯಾಸಿ ಗುರುತಾಗಿ ಕೊಟ್ಟರು. ಹವ್ಯಾಸಿಗಳ ಗುರುತಿನಲ್ಲಿ ನಡುವೆ ಒಂದು ಅಂಕಿ ಇರಲೇಬೇಕು, ಇದರಲ್ಲಿ ಇಲ್ಲ. ಗಾಳಿಯಲ್ಲಿ ಆ ನಾಲ್ಕು ಅಕ್ಷರ ಕೇಳಿಸಿದರೆ ಯಾರೆಂದು ಲೋಕಕ್ಕೇ ಗೊತ್ತಾಗುತ್ತಿತ್ತು. 1937ರ ಮೇ ತಿಂಗಳಿನಿಂದ 274 ದಿನ ಅವನು ಇನ್ನೂ ಮೂವರ ಜತೆ ತೇಲುವ ಹಿಮದ ಮೇಲೆ, ‘ಉತ್ತರ ಧ್ರುವ-1’ ಕೇಂದ್ರದಲ್ಲಿ ಇದ್ದ. ಬ್ಯಾಟರಿ ತುಂಬಲು ಒಂದು ಗಾಳಿಯಂತ್ರ. ಹವಾಮಾನ ವರದಿ ಕಳಿಸಿ ಉಳಿದ ವಿದ್ಯುತ್ತಿನಲ್ಲಿ ಅಲ್ಲಿಂದಲೂ ಅವನು ಹವ್ಯಾಸಿಗಳನ್ನು ಹುಡುಕಿ ಮಾತಾಡಿಸಿದ. ಮುಂದೆ ಸೋವಿಯತ್ ರೇಡಿಯೊ ಹವ್ಯಾಸಿಗಳ ಒಕ್ಕೂಟದ ಅಧ್ಯಕ್ಷನಾದ. 1971ರಲ್ಲಿ ತೀರಿಕೊಂಡ.

ದೂರದ ದನಿ ಕೇಳಿದ್ದೇ ತಪ್ಪಾದಾಗ

ಹಳ್ಳಿಯ ಶ್ಮಿತ್ ಕಥೆ ಹೀಗೆ ಮುಗಿಯಲಿಲ್ಲ. 1928ರಲ್ಲಿ ಅವನನ್ನು ಪತ್ರಿಕೆಗಳು ಹೊಗಳಿದವು. ಆದರೆ 1941ರಲ್ಲಿ ಜರ್ಮನಿ ಸೋವಿಯತ್ ದೇಶದ ಮೇಲೆ ದಾಳಿ ಮಾಡಿದಾಗ ಹವ್ಯಾಸಿ ರೇಡಿಯೊಗಳನ್ನೆಲ್ಲ ಮುಚ್ಚಿಸಲಾಯಿತು. ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಭಾರತದಲ್ಲೂ ಹವ್ಯಾಸಿಗಳ ಪರವಾನಗಿ ರದ್ದು ಮಾಡಿತ್ತು. ಶ್ಮಿತ್‌ನ ಹೆಸರು ಜರ್ಮನ್ ಮೂಲದ್ದು, ಕೈಯಲ್ಲಿದ್ದುದು ರೇಡಿಯೊ ವಿದ್ಯೆ. ಇಷ್ಟು ಸಾಕಾಯಿತು. ಗೂಢಚಾರನೆಂಬ ಆರೋಪ ಹೊರಿಸಿ 1942ರಲ್ಲಿ ತಾಷ್ಕೆಂಟ್‌ನಲ್ಲಿ ಗುಂಡಿಟ್ಟು ಕೊಂದರು. ಅವನು ನಿರಪರಾಧಿ ಎಂದು ಸರ್ಕಾರ ಒಪ್ಪಿಕೊಂಡದ್ದು 1984ರಲ್ಲಿ. ‘ಕ್ರಾಸಿನ್’ ಹಡಗಿನ ರಕ್ಷಣಾ ಯಾತ್ರೆಯನ್ನು ಮುನ್ನಡೆಸಿದ ವಿಜ್ಞಾನಿ ಸಮೊಯ್ಲೊವಿಚ್‌ಗೂ 1939ರಲ್ಲಿ ಇದೇ ಗತಿಯಾಗಿತ್ತು.

ಯಾವ ಗುಣಕ್ಕಾಗಿ ಶ್ಮಿತ್‌ನನ್ನು ಹೊಗಳಿದರೋ ಅದೇ ಗುಣಕ್ಕಾಗಿ ಅವನನ್ನು ಸಂಶಯಪಟ್ಟರು. ಪರದೇಶದ ದನಿ ಕೇಳಬಲ್ಲ ಕಿವಿ ಜೀವ ಉಳಿಸಿದಾಗ ವೀರನದು, ಅಧಿಕಾರಕ್ಕೆ ಭಯ ಹತ್ತಿದಾಗ ದ್ರೋಹಿಯದು. ಕಿವಿ ಮಾತ್ರ ಬದಲಾಗಿರಲಿಲ್ಲ.

ಇಂದಿಗೂ ಕರೆ ಇದೆ

ಟಿಖಾಯಾ ಕೇಂದ್ರವನ್ನು 1950ರ ದಶಕದ ಕೊನೆಯ ಹೊತ್ತಿಗೆ ಬಿಟ್ಟುಬಿಟ್ಟರು. ಕೆಲಸ ಅದೇ ದ್ವೀಪಸಮೂಹದ ಹೇಯ್ಸ್ ದ್ವೀಪಕ್ಕೆ ಹೋಯಿತು. ಅಲ್ಲಿನ ವೀಕ್ಷಣಾಲಯಕ್ಕೆ 1972ರಲ್ಲಿ ಕ್ರೆಂಕೆಲ್ ಹೆಸರಿಟ್ಟರು. ಈಗ ಹವಾಮಾನದ ಲೆಕ್ಕಕ್ಕೆ ಉಪಗ್ರಹಗಳಿವೆ, ರೇಡಿಯೊ ಹವ್ಯಾಸಿಯ ಸಹಾಯ ಯಾರಿಗೂ ಬೇಕಿಲ್ಲ. ಆದರೂ ಫ್ರಾಂಜ್ ಜೋಸೆಫ್ ಲ್ಯಾಂಡ್‌ನಿಂದಲೋ ಯಾನ್ ಮಾಯೆನ್‌ನಿಂದಲೋ ಒಬ್ಬ ಹ್ಯಾಮ್ ‘ಸಿಕ್ಯೂ’ ಎಂದರೆ ಜಗತ್ತಿನ ಮೂಲೆಮೂಲೆಯಿಂದ ಉತ್ತರಿಸಲು ಜನ ಮುಗಿಬೀಳುತ್ತಾರೆ. ಮಾತು ಅರ್ಧ ನಿಮಿಷ. ಆಮೇಲೆ ಸಾಕ್ಷಿಗೆ ಒಂದು ಪೋಸ್ಟ್‌ಕಾರ್ಡ್‌ನಷ್ಟು ದೊಡ್ಡ ಕಾರ್ಡು ಅಂಚೆಯಲ್ಲಿ ಬರುತ್ತದೆ. ಅದನ್ನು ಕ್ಯೂಎಸ್‌ಎಲ್ ಕಾರ್ಡು ಎನ್ನುತ್ತಾರೆ.

ನಮ್ಮಲ್ಲೂ ಇದಕ್ಕೆ ಬಾಗಿಲು ತೆರೆದೇ ಇದೆ. ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿದರೆ 12 ವರ್ಷ ತುಂಬಿದ ಮಕ್ಕಳಿಗೂ ಹ್ಯಾಮ್ ಪರವಾನಗಿ ಸಿಗುತ್ತದೆ. ಮೊಬೈಲ್ ಟವರ್ ಬಿದ್ದ ಪ್ರವಾಹದ ದಿನಗಳಲ್ಲಿ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದ್ದನ್ನು ನಮ್ಮ ದೇಶವೂ ನೋಡಿದೆ. ಅದಕ್ಕೆ ಬೇಕಾದದ್ದು ಕೆಲವು ವ್ಯಾಟ್ ವಿದ್ಯುತ್ತು, ಮರದಿಂದ ಮರಕ್ಕೆ ಕಟ್ಟಿದ ಒಂದು ತಂತಿ, ಮತ್ತು ವೊಜ್ನೆಸೆನ್ಯೆ ವೊಖ್ಮಾದ ಆ ಯುವಕನಿಗಿದ್ದಂಥ ತಾಳ್ಮೆ.